ಹುಸೇನಣ್ಣನ ಕಿವಿಯ ಅರಳೆ

ಮೊನ್ನೆ ನನ್ನ ಎಡಗಿವಿ ಗುಂಯ್‌ಗುಡಲು ಶುರುವಾಯಿತು. ಮೊಮ್ಮಗಳು ಸಣ್ಣ ಬಟ್ಟಲಿನಲ್ಲಿ ಔಡಲೆಣ್ಣೆ ಬೆಚ್ಚಗೆ ಮಾಡಿ, ಅದರಲ್ಲಿ ಅರಳೆ ಅದ್ದಿ ಎರಡೂ ಕಿವಿಗೆ ಇಟ್ಟಳು. ಹೀಗೆಲ್ಲ ಮಾಡಬಾರದೆಂದು ಡಾಕ್ಟರು ಹೇಳುತ್ತಾರೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ನಾನು ಹಟಕ್ಕೆ ಬಿದ್ದರೆ ನಮ್ಮ ಮನೆಯಲ್ಲಿ ಡಾಕ್ಟರ ಮಾತು ನಡೆಯುವುದಿಲ್ಲ. ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ನಗು ಬಂತು. “ಯಾಕಜ್ಜಿ, ನಗಾಕತ್ತಿ?” ಅಂದಳು. “ಜೀಪಿನ ವಾಸನಿ ಬಂತಲ್ಲ, ಅದಕ್ಕ” ಅಂದೆ. ಅಜ್ಜಿಗೆ ಕಿವಿಯ ಜೊತೆಗೆ ತಲೆಯೂ ಹೋಯಿತು ಎನ್ನುವ ಹಾಗೆ ನನ್ನ ಮುಖ ನೋಡಿದಳು.

ನಿಮಗೂ ಹಾಗೇ ಅನಿಸಿರಬಹುದು. ಔಡಲೆಣ್ಣೆಯ ವಾಸನೆ ಬಂದರೆ ಉಳಿದವರಿಗೆ ಬಾಣಂತಿಯ ಕೋಣೆ ನೆನಪಾಗುತ್ತದೆ, ಕೂಸಿನ ನೆತ್ತಿ ನೆನಪಾಗುತ್ತದೆ, ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ ಜುಲಾಬು ನೆನಪಾಗುತ್ತದೆ. ನನಗೆ ನೆನಪಾಗುವುದು ಮೋಟಾರು ರೇಸು. ಹೌದ್ರೀ, ರೇಸು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ದಾಂಡೇಲಿಯಲ್ಲಿ ಒಂದು ರೇಸಿನ ತಂಡವಿತ್ತು. ಅದರ ಹೆಸರು ನೀವು ಕೇಳಿರಲಾರಿರಿ, ಏಕೆಂದರೆ ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿಡುವ ಹಾಗೆ ಅದು ಏನನ್ನೂ ಮಾಡಲಿಲ್ಲ.

ಆಗ ಊರಿಗೆ ಊರೇ ಹೊಸದು. ಕಾಗದದ ಕಾರ್ಖಾನೆ ಶುರುವಾಗಿ ಕೆಲವೇ ವರ್ಷ ಆಗಿತ್ತು. ಧಾರವಾಡ, ಬೆಳಗಾಂವಿ ಕಡೆಯಿಂದ ಬಂದ ಮಂದಿ ಒಂದೇ ಅಚ್ಚಿನ ಸಾಲುಮನೆಗಳಲ್ಲಿ ಒಲೆ ಹೂಡಿದ್ದರು. ನಮ್ಮ ಮನೆಯವರು ಅಲ್ಲಿ ಫಿಟ್ಟರು. ನಾನು ಸಾಂಬ್ರಾಣಿ ಎಂಬ ಹಳ್ಳಿಯ ಒಕ್ಕಲುಮನೆಯ ಹುಡುಗಿ. ಎತ್ತಿನ ಕೊರಳ ಗಂಟೆ ಕೇಳಿ ಬೆಳೆದವಳಿಗೆ ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಭೋಂಗಾಕ್ಕೆ ಹೇಗೋ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ನಮ್ಮ ಮನೆಯ ಮುಂದೆ ಬಂದು ನಿಂತ ಜೀಪಿಗೆ.

ಅದು ಕಟ್ಟಿಗೆ ಗುತ್ತಿಗೆದಾರ ಸಾವಕಾರರದು. ಜೋಯಡಾ ಕಡೆಯ ಅಡವಿಯಿಂದ ದಿಮ್ಮಿ ತರುವ ಲಾರಿಗಳಿದ್ದವು ಅವರಿಗೆ. ಮಿಲಿಟರಿಯವರ ಲಿಲಾವಿನಲ್ಲಿ ಒಂದು ಹಳೆಯ ಜೀಪನ್ನೂ ಸವಾಲು ಕೂಗಿ ಹಿಡಿದು ತಂದಿದ್ದರು. ಬೆಳಗಾಂವಿಯ ಆಚೆ, ಯುದ್ಧಕಾಲದಲ್ಲಿ ಮಾಡಿ ಬಿಟ್ಟುಹೋದ ಒಂದು ವಿಮಾನಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಹೌಸಿನ ಮಂದಿ, ಮೋಟಾರಿನ ಹುಚ್ಚಿನವರು, ಪಂದ್ಯ ಕಟ್ಟಿ ಗಾಡಿ ಓಡಿಸುತ್ತಿದ್ದರು. ಅದನ್ನು ಒಮ್ಮೆ ನೋಡಿ ಬಂದವರೇ ಸಾವಕಾರರು, “ನಮ್ಮ ದಾಂಡೇಲಿ ಗಾಡೀನೂ ಓಡಬೇಕು” ಎಂದು ಮೇಜು ಕುಟ್ಟಿದರಂತೆ. ರಿಪೇರಿಗೆ ರಜೆಯ ದಿನ ನಮ್ಮ ಮನೆಯವರು. ಓಡಿಸಲಿಕ್ಕೆ ಸಾವಕಾರರ ಲಾರಿ ಡ್ರೈವರ್ ಹುಸೇನಸಾಬ. ಪೆಟ್ರೋಲು ಸಾವಕಾರರದು, ಜಾಗ ನನ್ನ ಅಂಗಳ. ಇಷ್ಟೇ ತಂಡ. ಜೀಪಿನ ಗಾಜು, ಟಾಪು, ಹಿಂದಿನ ಸೀಟು ಎಲ್ಲ ಬಿಚ್ಚಿ ಬೋಳು ಮಾಡಿದರು. ಬಿಚ್ಚಿದ್ದನ್ನೆಲ್ಲ ಎಲ್ಲಿ ಇಟ್ಟರು ಅಂತೀರಿ? ನನ್ನ ಅಡುಗೆಮನೆಯ ಅಟ್ಟದ ಮೇಲೆ.

ಹುಸೇನಣ್ಣ ನಮ್ಮ ಮನೆಯವರಿಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವನು. ಅವರನ್ನು ತಮ್ಮಾ ಅನ್ನುತ್ತಿದ್ದ, ನನ್ನನ್ನು ತಂಗೆವ್ವಾ ಅನ್ನುತ್ತಿದ್ದ. ಎತ್ತರದ ಆಳು, ಮೆತ್ತಗಿನ ಮಾತು. ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಬಸಿಯಲ್ಲಿ ಚಹಾ ಕುಡಿಯುವಾಗ ಕೂಡ ಒಂದು ಕಿವಿ ಜೀಪಿನ ಕಡೆಗೇ ಇರುತ್ತಿತ್ತು. ಘಟ್ಟದಲ್ಲಿ ದಿಮ್ಮಿ ಹೇರಿಕೊಂಡು ಇಳಿಯುವವನು ಕಣ್ಣಿಗಿಂತ ಹೆಚ್ಚು ಕಿವಿಯನ್ನೇ ನಂಬುತ್ತಾನಂತೆ. ಗೇರು ಬದಲಿಸುವುದೂ ಕಿವಿಯಿಂದಲೇ, ಎದುರಿನ ತಿರುವಿನಲ್ಲಿ ಯಾರು ಬರುತ್ತಿದ್ದಾರೆಂದು ತಿಳಿಯುವುದೂ ಕಿವಿಯಿಂದಲೇ.

ಮೊದಲ ವರ್ಷ ನಮ್ಮ ಗಾಡಿ ಅರ್ಧ ರೇಸಿನಲ್ಲಿ ಕುದ್ದು ನಿಂತಿತು. ಪಕ್ಕದ ಹೊಲದ ಎತ್ತು ಕಟ್ಟಿ ಎಳೆದು ತಂದರಂತೆ. ನಾನು ಆಗ ಬಸುರಿ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ನಕ್ಕದ್ದಕ್ಕೆ ದೇವರು ಬಡ್ಡಿ ಸಮೇತ ವಸೂಲು ಮಾಡಿದ. ಇಂಜಿನ್ನು ಬಹಳ ಬಿಸಿಯಾದರೆ ಸಾದಾ ಎಣ್ಣೆ ನೀರಾಗುತ್ತದೆ, ರೇಸಿನ ಗಾಡಿಗೆ ಔಡಲೆಣ್ಣೆಯನ್ನೇ ಹಾಕಬೇಕು ಎಂದು ಅಲ್ಲಿ ಯಾವನೋ ಮಿಲಿಟರಿ ಮೆಕ್ಯಾನಿಕ್ ನಮ್ಮ ಮನೆಯವರ ಕಿವಿಯಲ್ಲಿ ಊದಿದ್ದ. ಮುಂದಿನ ರೇಸಿನ ಹೊತ್ತಿಗೆ ಮಗಳು ಹುಟ್ಟಿದ್ದಳು. ನನ್ನ ಅವ್ವ ಸಾಂಬ್ರಾಣಿಯಿಂದ, ನಮ್ಮ ಹೊಲದ ಬದುವಿನ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಯ ಒಂದು ದೊಡ್ಡ ಭರಣಿಯನ್ನೇ ಹೊತ್ತು ತಂದಿದ್ದಳು. ಕೂಸಿನ ಮೈಗೆ, ನೆತ್ತಿಗೆ, ಬಾಣಂತಿಯ ಸೊಂಟಕ್ಕೆ ಅಂತ. ಒಂದು ರವಿವಾರ ಕೂಸಿಗೆ ಎರೆಯಲಿಕ್ಕೆ ಭರಣಿ ಬಗ್ಗಿಸಿದರೆ ತಳ ಕಾಣುತ್ತಿದೆ!

“ಏನ್ರೀ, ಎಣ್ಣಿ ಎಲ್ಲಿ ಹೋತು?” ಅಂದೆ. ಇವರು ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಲಿಲ್ಲ. ಹುಸೇನಣ್ಣನೇ ಎದ್ದು ನಿಂತು, “ತಂಗೆವ್ವಾ, ಅದೂ ನಿಮ್ಮ ಮನೀ ಕೂಸs ಅಲ್ಲೇನು?” ಎಂದು ಜೀಪಿನ ಬಾನೆಟ್ಟು ಸವರಿದ. ನಾನು ಬಾಯಿಗೆ ಬಂದದ್ದು ಅಂದೆ. ಅವ್ವ ಅದಕ್ಕಿಂತ ಹೆಚ್ಚು ಅಂದಳು. ಅಷ್ಟರಲ್ಲಿ ಇವರು ಗಾಡಿ ಚಾಲೂ ಮಾಡಿದರು. ಇಡೀ ಓಣಿಗೆ ಬಾಣಂತಿ ಕೋಣೆಯ ವಾಸನೆ ಹಬ್ಬಿತು. ಎದುರುಮನೆಯವರು ಹೊರಗೆ ಬಂದು, “ಯಾರಿಗ್ರೀ ಹೆರಿಗಿ ಆತು?” ಎಂದು ಕೇಳಿದರು.

ಆ ವರ್ಷ ಇಂಜಿನ್ನು ಕುದಿಯಲಿಲ್ಲ. ಅವ್ವನ ಎಣ್ಣೆ ಗಟ್ಟಿಯಿತ್ತು. ಆದರೂ ನಮ್ಮ ಗಾಡಿ ಕಟ್ಟಕಡೆಗೆ ಬಂತು. ಕಾರಣ ಕೇಳಿದರೆ ನೀವು ನಂಬುವುದಿಲ್ಲ. ಅಡವಿಯ ದಾರಿ ಒಂದು ಲಾರಿಯಷ್ಟೇ ಅಗಲ. ಅಲ್ಲಿ ಓಡಿಸುವವರಿಗೆ ಒಂದು ರೀತಿ ಇದೆ: ಹಿಂದಿನವನು ಹಾರ್ನ್ ಹೊಡೆದರೆ ಬದಿಗೆ ಸರಿದು, ಕೈ ಹೊರಗೆ ಹಾಕಿ, ಹೋಗಪ್ಪಾ ಎಂದು ದಾರಿ ಬಿಡಬೇಕು. ಹುಸೇನಣ್ಣ ಮೀಸೆ ಚಿಗುರಿದಾಗಿನಿಂದ ಹಾಗೆ ಓಡಿಸಿದವನು. ರೇಸಿನಲ್ಲಿ ಹಿಂದಿನವರು ಪೋಂ ಪೋಂ ಅಂದರು. ಇವನು ಒಬ್ಬೊಬ್ಬರಿಗೂ ಬದಿಗೆ ಸರಿದು, ಕೈ ಬೀಸಿ, ಎಲ್ಲರನ್ನೂ ಮುಂದೆ ಕಳಿಸಿಕೊಟ್ಟ. ಒಬ್ಬನಿಗಂತೂ ಸಲಾಮು ಕೂಡ ಮಾಡಿದನಂತೆ.

“ಯಾಕ ಮಾರಾಯಾ ಸೈಡ್ ಕೊಟ್ಟಿ?” ಎಂದು ಇವರು ತಲೆ ತಲೆ ಬಡಿದುಕೊಂಡರು.

“ಹಾರ್ನ್ ಹೊಡದ್ರಲ್ಲೋ ತಮ್ಮಾ. ಪಾಪ, ಏನು ಅವಸರ ಇತ್ತೋ ಏನೋ!”

ಸಾವಕಾರರು ಈ ಸಲ ನಗಲಿಲ್ಲ. ವಿಮಾನಪಟ್ಟಿಯ ಮೇಲೆ ಬೆಳಗಾಂವಿಯ ವ್ಯಾಪಾರಸ್ಥರೆಲ್ಲ ಅವರ ಗಾಡಿಯನ್ನು ತೋರಿಸಿ ಆಡಿಕೊಂಡಿದ್ದರು. ನಮ್ಮ ಮನೆಗೇ ಬಂದು, ನಿಂತುಕೊಂಡೇ ಹೇಳಿದರು: “ನೋಡ್ರಿ, ಗೆಲ್ಲಬ್ಯಾಡ್ರಿ. ಆದ್ರ ಬರೂ ವರ್ಷ ಕಡೇಕ ಬಂದ್ರ ಜೀಪ ಗುಜರಿಗೆ ಹಾಕಿಬಿಡತೇನಿ. ನಕ್ಕೊಳ್ಳಾಕ ನಾ ಪೆಟ್ರೋಲ್ ಹಾಕೂದಿಲ್ಲ.”

ನನಗೆ ಹಾಲು ಕುಡಿದಷ್ಟು ಸಂತೋಷ ಆಗಬೇಕಾಗಿತ್ತು. ಆ ಬೋಳು ಗಾಡಿ ತೊಲಗಲಿ ಎಂದು ನಾನು ಎಷ್ಟು ಸೋಮವಾರ ಬೇಡಿಕೊಂಡಿದ್ದೆನೋ. ಆದರೆ ಸಾವಕಾರರು ಹೋದ ಮೇಲೆ ಇವರು ಹೋಗಿ ಜೀಪಿನ ಬದಿಗೆ ಕೂತರು. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ಬಿಚ್ಚಲಿಕ್ಕೆ ಏನೂ ಇರಲಿಲ್ಲ. ನಮ್ಮವರು ಮಿಲ್ಲಿನಲ್ಲಿ ದಿನವಿಡೀ ಮತ್ತೊಬ್ಬರು ಹೇಳಿದ ಬೋಲ್ಟು ಬಿಗಿಯುವವರು, ಮನೆಗೆ ಬಂದರೆ ಉಂಡು ಮಲಗುವವರು. ಜೀಪಿನ ಕೆಳಗೆ ಹೊಕ್ಕಾಗ ಮಾತ್ರ ಅವರು ಸಿಳ್ಳೆ ಹಾಕುತ್ತಿದ್ದರು. ಮದುವೆಯಾಗಿ ಬಂದ ಮೇಲೆ ನನ್ನ ಗಂಡನಿಗೆ ಸಿಳ್ಳೆ ಬರುತ್ತದೆಂದು ನನಗೆ ಗೊತ್ತಾದದ್ದೇ ಆ ಗುಜರಿ ಗಾಡಿಯಿಂದ. ಖರೇ ಹೇಳಬೇಕೆಂದರೆ, ಅವತ್ತು ನಾನು ಬೇಡಿಕೊಂಡದ್ದನ್ನೆಲ್ಲ ದೇವರಿಂದ ವಾಪಸು ತೆಗೆದುಕೊಂಡೆ. ಜೀಪು ಹೋದರೆ ಆ ಸಿಳ್ಳೆಯೂ ಹೋಗುತ್ತದಲ್ಲಾ ಎಂದು.

ಇಡೀ ವರ್ಷ ತಾಲೀಮು ನಡೆಯಿತು. ಹಳಿಯಾಳದ ದಾರಿಯ ಮೇಲೆ ಹುಸೇನಣ್ಣ ಜೀಪು ಓಡಿಸುವುದು, ಹಿಂದೆ ಇವರು ಸಾವಕಾರರ ಲಾರಿಯಲ್ಲಿ ಕೂತು ಹಾರ್ನ್ ಒದರಿಸುವುದು. ಹಾರ್ನ್ ಕೇಳಿದರೆ ಸಾಕು, ಜೀಪು ತಾನಾಗಿ ಬದಿಗೆ ಸರಿಯುತ್ತಿತ್ತು. “ಕಾಲು ನನ್ನ ಮಾತು ಕೇಳೂದಿಲ್ಲೋ ತಮ್ಮಾ, ಅದು ಹಾರ್ನ್ ಮಾತs ಕೇಳತೈತಿ” ಎಂದು ಅವನು ತನ್ನ ತೊಡೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಬೈಯಲಿಕ್ಕೂ ಮನಸ್ಸು ಬರುತ್ತಿರಲಿಲ್ಲ. ಅಷ್ಟು ಒಳ್ಳೆಯವನಿಗೆ ರೇಸು ಏಕೆ ಬೇಕಿತ್ತೋ!

ಉಪಾಯ ಹೊಳೆದದ್ದು ನನಗೆ. ಮಗಳಿಗೆ ಎಣ್ಣೆನೀರು ಎರೆದು, ಕಿವಿಗೆ ಅರಳೆ ಇಟ್ಟು ಮಲಗಿಸಿದ್ದೆ. ಭೋಂಗಾ ಕೂಗಿತು. ದಿನಾ ಚಿಟ್ಟನೆ ಚೀರಿ ಏಳುವ ಹುಡುಗಿ ಮಿಸುಕಲಿಲ್ಲ. ಹೊಸ್ತಿಲ ಹೊರಗೆ ಚಹಾ ಕುಡಿಯುತ್ತಿದ್ದ ಹುಸೇನಣ್ಣನ ಕಡೆ ನೋಡಿದೆ, ಮಗಳ ಕಡೆ ನೋಡಿದೆ.

“ಅಣ್ಣಾ, ನಿಮ್ಮ ಕಿವಿಗೆ ಅರಳಿ ಇಡ್ತೇನಿ ನೋಡ್ರಿ. ಹಾರ್ನ್ ಕೇಳಿದ್ರ ಅಲ್ಲಾ ಸೈಡ್ ಕೊಡೂದು?”

ಇಟ್ಟೆವು. ಹಿಂದಿನಿಂದ ಇವರು ಕೈ ಸೋಲುವವರೆಗೆ ಹಾರ್ನ್ ಹೊಡೆದರು. ಹುಸೇನಣ್ಣ ನೆಟ್ಟಗೆ, ನಡುದಾರಿಯಲ್ಲಿ, ಮದುಮಗನ ಹಾಗೆ ಹೋದ. ಹೋದವನು ತೇರಗಾಂವ ದಾಟಿದ ಮೇಲೆ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ನಿಂತ. ಇವರು ಆ ದಿನ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದಕ್ಕೆ ಇನ್ನೊಂದು ಭರಣಿ ಎಣ್ಣೆ ಕೊಟ್ಟರೂ ಕಡಿಮೆ. ನಾನೇ ಸಾಂಬ್ರಾಣಿಗೆ ಹೇಳಿ ಕಳಿಸಿದೆ, ಔಡಲೆಣ್ಣೆ ಬೇಕು, ಬಹಳ ಬೇಕು ಅಂತ. ಅವ್ವ, “ಮತ್ತ ಬಸುರೇನ?” ಎಂದು ಕೇಳಿ ಕಳಿಸಿದಳು.

ಮೂರನೆಯ ರೇಸಿಗೆ ನಾನೂ ಹೋದೆ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಸಾವಕಾರರ ಲಾರಿಯಲ್ಲಿ. ಎಂಥ ಬಯಲು ಅದು! ನಮ್ಮ ಕಡೆ ಅಡವಿ ನೋಡಿದವರಿಗೆ ಅಷ್ಟು ಖಾಲಿ ಜಾಗ ನೋಡಿದರೆ ಹೆದರಿಕೆಯಾಗುತ್ತದೆ. ಹುಲ್ಲಿನ ಪೆಂಡಿ, ಡಾಂಬರಿನ ಖಾಲಿ ಡಬ್ಬಿ ಇಟ್ಟು ದಾರಿ ಮಾಡಿದ್ದರು. ಎಲ್ಲ ಸೇರಿ ಆರು ಗಾಡಿ. ನಾನು ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದೆ, ಹುಸೇನಣ್ಣ ಮುಂದಿನ ಬಂಪರಿಗೆ ಲಿಂಬಿಹಣ್ಣು ಕಟ್ಟಿದ. ಆಮೇಲೆ ತಲೆ ಬಗ್ಗಿಸಿ ನಿಂತ. “ತುರುಕು ತಂಗೆವ್ವಾ, ಗಟ್ಟಿ ತುರುಕು. ಸೈತಾನ ಕೂಗಿದ್ರೂ ಕೇಳಬಾರದು.” ಎರಡೂ ಕಿವಿಗೆ ಅರಳೆ ಇಟ್ಟೆ.

ನಿಶಾನೆ ಬಿತ್ತು. ಮೊದಲ ಸುತ್ತಿಗೆ ನಮ್ಮ ಹಿಂದೆ ಎರಡು ಗಾಡಿ ಇದ್ದವು. ಹಿಂದೆ! ನಮ್ಮ ಹಿಂದೆ! ಸಾವಕಾರರು ಧೋತರದ ಅಂಚು ಕೈಯಲ್ಲಿ ಹಿಡಿದು ಜಿಗಿದಾಡಿದರು. ಹಿಂದಿನ ಕಾರಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಹುಸೇನಣ್ಣ ಜಪ್ಪಯ್ಯ ಎಂದರೂ ಸರಿಯಲಿಲ್ಲ. ನಾನು ಮಗಳನ್ನು ಎತ್ತಿ ಎತ್ತಿ ತೋರಿಸಿ, “ಸೈಡ್ ಕೊಡಬ್ಯಾಡ್ರಿ ಅಣ್ಣಾ, ಸೈಡ್ ಕೊಡಬ್ಯಾಡ್ರೀ!” ಎಂದು ಕೂಗಿದೆ. ಕಿವಿಯಲ್ಲಿ ಅರಳೆ ಇಟ್ಟವಳು ನಾನೇ, ಕೂಗಿದವಳೂ ನಾನೇ. ನೋಡಿ ನನ್ನ ಬುದ್ಧಿ!

ಸುತ್ತುಗಳು ಮುಗಿಯುತ್ತ ಬಂದವು. ಇನ್ನು ಎರಡು ಉಳಿದಿರುವಾಗ ಜೀಪು ನಮ್ಮ ಮುಂದೆ ಹಾದುಹೋಯಿತು. ಆಗ ಇವರ ಮುಖ ಕಪ್ಪಿಟ್ಟಿತು. “ಏನಾತ್ರೀ?” ಅಂದೆ. “ಬೇರಿಂಗ್ ಬಡಿಯಾಕತ್ತೈತಿ” ಅಂದರು. ನನಗೆ ಬರೀ ಗದ್ದಲ ಕೇಳುತ್ತಿತ್ತು. ಇವರಿಗೆ ಆ ಗದ್ದಲದೊಳಗೆ ಒಂದು ಟಕ್ ಟಕ್ ಕೇಳಿತ್ತು. ಹೆಗಲ ಮೇಲಿನ ಕೆಂಪು ವಸ್ತ್ರ ಬೀಸಿದರೆ ಹುಸೇನಣ್ಣ ನಿಲ್ಲುತ್ತಾನೆ, ಅದು ಅವರವರಲ್ಲಿ ಮಾತಾಗಿತ್ತು. ನಿಂತರೆ ಕಟ್ಟಕಡೆಗೆ ಬರುತ್ತೇವೆ, ಜೀಪು ಗುಜರಿಗೆ. ನಿಲ್ಲದಿದ್ದರೆ ಇಂಜಿನ್ನೇ ಒಡೆಯಬಹುದು. ಇವರು ವಸ್ತ್ರವನ್ನು ಕೈಗೆ ತೆಗೆದುಕೊಂಡರು, ಮುಷ್ಟಿಯಲ್ಲಿ ಹಿಂಡಿದರು, ಬೀಸಲಿಲ್ಲ.

ಕೊನೆಯ ಸುತ್ತಿನ ಅರ್ಧದಲ್ಲಿ ಜೀಪಿನಿಂದ ಬಿಳಿಯದೇನೋ ಹಾರಿತು. ಒಂದು, ಮತ್ತೊಂದು. ನಾನು ಬೆಳ್ಳಕ್ಕಿ ಅಂದುಕೊಂಡೆ. ಅದು ಅರಳೆ. ಜೀಪು ಮೆಲ್ಲಗಾಯಿತು. ಬದಿಗೆ ಸರಿಯಿತು. ಹುಸೇನಣ್ಣ ಕೈ ಹೊರಗೆ ಹಾಕಿ ಹಿಂದಿನ ಎರಡೂ ಗಾಡಿಗಳಿಗೆ ಹೋಗ್ರಿ, ಹೋಗ್ರಿ ಎಂದು ಬೀಸಿದ. ಆಮೇಲೆ ಬಸುರಿ ಆಕಳನ್ನು ಹೊಡೆದುಕೊಂಡು ಬರುವವನ ಹಾಗೆ ಜೀಪನ್ನು ಸಾವಕಾಶ ತಂದು ನಿಲ್ಲಿಸಿದ.

ನನಗೆ ಎಲ್ಲಿತ್ತೋ ಸಿಟ್ಟು! ಓಡಿ ಹೋಗಿ, “ಅಣ್ಣಾ, ಇನ್ನ ಅರ್ಧ ಸುತ್ತ ಇತ್ತಲ್ಲೋ! ಅರಳಿ ಯಾಕ ತಗದಿ?” ಎಂದು ಕೂಗಿದೆ. ಅವನಿಗೆ ಅಲ್ಲಿಯವರೆಗೆ ನಾನು ರೀ ಹಚ್ಚದೆ ಮಾತಾಡಿರಲಿಲ್ಲ.

ಹುಸೇನಣ್ಣ ಜೀಪಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದ: “ಕಾಲಿಗೆ ಏನೋ ಗೊತ್ತಾತು ತಂಗೆವ್ವಾ. ಖಾತ್ರಿ ಮಾಡ್ಕೊಳ್ಳಾಕ ತಗದ್ನಿ. ಬಡಕೊಳ್ಳಾಕತ್ತಿತ್ತು. ಒಮ್ಮೆ ಕೇಳಿದ ಮ್ಯಾಲೆ ಹೆಂಗ ಓಡಸ್ಲಿ?”

ಇವರು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟರು. “ನನಗ ಮೊದಲs ಕೇಳಿತ್ತು ಹುಸೇನಾ. ನಾ ಬೀಸಲಿಲ್ಲ” ಅಂದರು. ಹುಸೇನಣ್ಣ ಅವರ ಹೆಗಲ ಮೇಲೆ ಕೈ ಹಾಕಿ ಕೂತ. ಸಾವಕಾರರು ಬಂದರು. ಸಿಟ್ಟು ಮಾಡಲಿಲ್ಲ, ಎಲ್ಲರಿಗೂ ಚಹಾ ಹೇಳಿದರು. ಆದರೆ, “ಮಾತಂದ್ರ ಮಾತು” ಅಂದರು.

ಮನೆಗೆ ಬಂದ ಮೇಲೆ ಇವರ ಊಟ ಅರ್ಧವಾಯಿತು. ಸಿಳ್ಳೆಯಂತೂ ಇಲ್ಲವೇ ಇಲ್ಲ. ಸೋತದ್ದಕ್ಕಲ್ಲ, ಬೀಸಲಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದರು. ಗುಜರಿಯವನು ಬಂದು ಜೀಪನ್ನು ಸುತ್ತು ಹಾಕಿ ನೋಡಿ ಹೋದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದವಳು ತೇರಗಾಂವದಲ್ಲಿ ಇಳಿದೆ. ಅಲ್ಲಿ ನನ್ನ ಸೋದರಮಾವ ಕಬ್ಬಿನ ಗಾಣ ಇಟ್ಟಿದ್ದ. ಎತ್ತು ತಿರುಗಿಸುವ ಗಾಣ.

“ಮಾಮಾ, ಒಂದು ಜೀಪ ತಗೋ” ಅಂದೆ.

“ನಾ ಏನ ಮಾಡ್ಲಿ ಯವ್ವಾ, ಜೀಪ ತಗೊಂಡು? ಎತ್ತಿನ ಮ್ಯಾಲೆ ಹೇರಲೇನು?”

“ಎತ್ತಿನ ಬದಲೀ ಹೂಡು.”

ಮಾಮಾ ಮೊದಲು ನಕ್ಕ. ಆಮೇಲೆ ತನ್ನ ಮುದಿ ಎತ್ತಿನ ಕಡೆ ನೋಡಿದ. ಇಂಜಿನ್ನು ಖರೇನ ಗಟ್ಟಿಯೈತೇನು ಎಂದು ಕೇಳಿದ. ಅದನ್ನು ಉಳಿಸಲಿಕ್ಕೇ ನಾವು ಸೋತು ಬಂದೇವಿ ಮಾಮಾ ಎಂದು ಹೇಳುವಾಗ ನನಗೇ ಗೊತ್ತಿಲ್ಲದ ಹಾಗೆ ಅಳು ಬಂತು. ಹುಸೇನಣ್ಣ ಆ ಅರ್ಧ ಸುತ್ತು ಜಗ್ಗಾಡಿ ಓಡಿಸಿದ್ದರೆ ಮಾಮಾನ ಮುಂದೆ ಇಡಲು ನನ್ನಲ್ಲಿ ಒಡೆದ ಕಬ್ಬಿಣ ಬಿಟ್ಟು ಏನಿರುತ್ತಿತ್ತು?

ಗುಜರಿಯ ಬೆಲೆಯನ್ನೇ ಸಾವಕಾರರಿಗೆ ಕೊಟ್ಟು ಮಾಮಾ ಜೀಪು ತೆಗೆದುಕೊಂಡ. ಇವರು ಬೇರಿಂಗ್ ಬದಲಿಸಿದರು. ಜೀಪಿನಿಂದ ಇಂಜಿನ್ನು ಇಳಿಸಿ, ಗಾಣದ ಬದಿಗೆ ಕಟ್ಟೆ ಕಟ್ಟಿ ಕೂಡ್ರಿಸಿ, ಅದರಿಂದ ಗಾಣಕ್ಕೆ ಬೆಲ್ಟಿನ ಪಟ್ಟಾ ಎಳೆದರು. ಚಾಲೂ ಮಾಡಲಿಕ್ಕೆ ಒಂದಿಷ್ಟು ಪೆಟ್ರೋಲು, ಆಮೇಲೆ ಚಿಮಣಿ ಎಣ್ಣೆ. ಒಳಗೆ ಈ ಸಲ ಸಾದಾ ಎಣ್ಣೆಯೇ, ಅವ್ವನ ಭರಣಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದ್ದೆ. ಮೊದಲ ದಿನ ಹುಸೇನಣ್ಣನೂ ರಜೆ ಹಾಕಿ ಬಂದ. ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಇಂಜಿನ್ನು ತಿರುಗಿತು, ಕಬ್ಬಿನ ಹಾಲು ಧೋ ಎಂದು ಸುರಿಯಿತು. ಹುಸೇನಣ್ಣ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಆಮೇಲೆ ಸಾಲಿನ ಹಿಂದಿದ್ದ ಒಬ್ಬ ಮುದುಕನ ಗಾಡಿಗೆ ಕೈ ಬೀಸಿ ಮುಂದೆ ಕರೆದ.

“ಮತ್ತ ಸೈಡ್ ಕೊಟ್ಟಿ?” ಎಂದರು ಇವರು.

“ಇಲ್ಲೆ ಕೊಡಬಹುದೋ ತಮ್ಮಾ. ಇಲ್ಲೆ ಕಡೇಕ ಬಂದವರಿಗೂ ಬೆಲ್ಲ ಸಿಗತೈತಿ.”

ಇವರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು. ಸಂಜೆಗೆ ಇಂಜಿನ್ನು ಒರೆಸುತ್ತ ಸಿಳ್ಳೆ ಹಾಕಿದರು. ನಾನು ಬೆಲ್ಲದ ಕೊಪ್ಪರಿಗೆಯ ಹೊಗೆ ಕಣ್ಣಿಗೆ ಹೋಯಿತು ಎಂದು ಸೆರಗಿನಿಂದ ಒರೆಸಿಕೊಂಡೆ. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಗೆ ನಮ್ಮ ರೇಸಿನ ತಂಡ ತೇರಗಾಂವಕ್ಕೆ ಹೋಗುತ್ತಿತ್ತು. ಇಬ್ಬರೂ ಗಾಣದ ಮುಂದೆ ಕೂತು ಕೇಳುತ್ತಿದ್ದರು, ನಡುವೆ ನಾನೂ ಕೂತು ಕೇಳುತ್ತಿದ್ದೆ. ಕೇಳಿ ಕೇಳಿ ನನಗೂ ಇಂಜಿನ್ನಿನ ಮಾತು ಒಂದಿಷ್ಟು ಬಂತು. ಗಾಣ ಹೋಯಿತು, ಹುಸೇನಣ್ಣ ಹೋದ, ಇವರೂ ಹೋದರು. ನನ್ನ ಕಿವಿ ಉಳಿದಿತ್ತು, ಈಗ ಅದೂ ಗುಂಯ್ ಅನ್ನುತ್ತಿದೆ.

ಈಗ ನಾನಿರುವುದು ಹಳಿಯಾಳದಲ್ಲಿ, ಮೊಮ್ಮಗಳ ಮನೆಯಲ್ಲಿ. ಸುಗ್ಗಿ ಬಂತೆಂದರೆ ಮನೆಯ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಮೊನ್ನೆ ಅರಳೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದೆನಲ್ಲ, ಗದ್ದಲ ಇಲ್ಲ, ಹಾರ್ನ್ ಇಲ್ಲ, ಸುಖವಾಗಿತ್ತು. ಅಷ್ಟರಲ್ಲಿ ಕೂತಲ್ಲೇ, ನೆಲದ ಅದುರಿನಲ್ಲಿ, ಅಂಗಾಲಿಗೆ ಏನೋ ತಿಳಿದ ಹಾಗಾಯಿತು. ಅರಳೆ ಕಿತ್ತು ಒಗೆದೆ. ಟಕ್ ಟಕ್ ಟಕ್. ನನಗೆ ಬರುವ ಸಿಟ್ಟು ನಿಮಗೆ ಈಗಾಗಲೇ ಗೊತ್ತಲ್ಲ. ಕೋಲು ಹಿಡಿದು ರಸ್ತೆಗೆ ಇಳಿದು ಟ್ರ್ಯಾಕ್ಟರಿಗೆ ಅಡ್ಡ ನಿಂತೆ. ಮೊಮ್ಮಗಳು ಅಯ್ಯೋ ಅಜ್ಜೀ ಎನ್ನುತ್ತ ಹಿಂದೆ ಓಡಿ ಬಂದಳು.

ಓಡಿಸುತ್ತಿದ್ದವನು ಮೀಸೆ ಚಿಗುರಿದ ಹುಡುಗ. ಬಾಯಿ ಆಡಿಸುತ್ತಿದ್ದ, ಹಾಡು ಹೇಳುತ್ತಿದ್ದ ಅಂತ ಕಾಣುತ್ತದೆ. “ತಮ್ಮಾ, ಇಂಜಿನ್ ಬಡಕೊಳ್ಳಾಕತ್ತೈತಿ, ಕೇಳವಲ್ದೇನು?” ಎಂದು ಕೂಗಿದೆ. ಅವನಿಗೆ ಕೇಳಲಿಲ್ಲ. ಎರಡೂ ಕಿವಿಯಿಂದ ಮೊಬೈಲಿನ ಬಿಳಿ ವಾಯರು ಜೋತಾಡುತ್ತಿತ್ತು. ನಾನು ನನ್ನ ಕಿವಿ ಮುಟ್ಟಿ ತೋರಿಸಿದೆ. ಅವನು ವಾಯರು ಎಳೆದು ತೆಗೆದ, ತಲೆ ಓರೆ ಮಾಡಿ ಕೇಳಿದ. ಮುಖ ಬದಲಾಯಿತು.

“ಹೌದಲ್ಲಬೇ ಅಜ್ಜೀ” ಅಂದ.

ಹಿಂದಿದ್ದ ಟ್ರ್ಯಾಕ್ಟರುಗಳೆಲ್ಲ ಹಾರ್ನ್ ಒದರಿಸತೊಡಗಿದವು. ಹುಡುಗ ಮೆಲ್ಲಗೆ ಬದಿಗೆ ತೆಗೆದುಕೊಂಡು ಇಂಜಿನ್ನು ಬಂದ್ ಮಾಡಿದ. ನಾನು ರಸ್ತೆಯ ಅಂಚಿಗೆ ನಿಂತು ಕೈ ಚಾಚಿ, ಹೋಗ್ರಿ, ಹೋಗ್ರಿ ಎಂದು ಎಲ್ಲರಿಗೂ ದಾರಿ ಬಿಟ್ಟೆ.